ಎರಡು ಹಗ್ಗ

ಮಂಡ್ಯದ ನೂರಡಿ ರಸ್ತೆ, ನಮ್ಮ ಸ್ಟುಡಿಯೋ.
ಅಲ್ಲೊಂದು ಪಟಕ್ಕೆ ಎರಡು ಹೆಸರು:
ಹೆಣ್ಣಿನ ಕಡೆ ಫೋಲ್ಡರಿನಲ್ಲಿ ಒಂದು, ಗಂಡಿನ ಕಡೆಯದರಲ್ಲಿ ಒಂದು.
ನಕಲಲ್ಲ. ಡಿಸ್ಕಿನ ಹಟ್ಟಿಯಲ್ಲಿ ನಿಂತ ಹಸು ಒಂದೇ,
ಕೊರಳಿಗೆ ಹಗ್ಗ ಎರಡು.
ಯಾವುದು ಮೊದಲು ಕಟ್ಟಿದ್ದು, ಹಸುವಿಗೆ ಗೊತ್ತಿಲ್ಲ.
ಅದಕ್ಕಿರುವುದು ಒಂದು ನಂಬರು,
ಮತ್ತೆ ಹಗ್ಗ ಎಷ್ಟೆಂಬ ಲೆಕ್ಕ.

ನಿಶ್ಚಿತಾರ್ಥ ಮುರಿದು ಒಂಬತ್ತನೇ ದಿನ
ಬಸರಾಳಿನ ತನುಜ ಒಬ್ಬಳೇ ಬಂದಳು,
ತೋಳಿನ ಮೇಲೆ ಲ್ಯಾಬಿನ ಬಿಳಿ ಕೋಟು.
"ಆ ಉಂಗುರದ ಪಟ ಅಳಿಸ್ಬುಡಿ ಅಣ್ಣ."
ಅವಳ ಕಣ್ಣೆದುರೇ ಒತ್ತಿದೆ.
"ಹೋಯ್ತಾ?"
ಹ್ಞೂಂ ಅನ್ನಬಹುದಿತ್ತು.
"ನಿಮ್ಮ ಕಡೆ ಹೆಸರು ಹೋಯ್ತು ಕಣವ್ವ. ಪಟ ಅಲ್ಲೇ ಅದೆ.
ಈ ಮಿಷಿನ್ನು ಅಳಿಸಾಕಿಲ್ಲ, ಬಿಚ್ತದೆ ಅಷ್ಟೆ.
ಎರಡಿದ್ದದ್ದು ಒಂದಾಯ್ತು."
"ಆ ಒಂದೂ ಬಿಚ್ಚುದ್ರೆ?"
"ಜಾಗ ಖಾಲಿ ಅಂತ ಬರ್ಕೊತದೆ.
ಆಮೇಲೆ ಇನ್ಯಾರದೋ ಮದುವೆ ಬಂದು ತುಳೀತದೆ."

ಗೋಡೆಯ ದರಪಟ್ಟಿಯನ್ನು ಪೂರ್ತಿ ಓದಿದಳು,
ಲ್ಯಾಮಿನೇಷನ್ನಿನ ತನಕ.
"ಅವರು ಕಟ್ಟಿದ್ದ ಬಿಚ್ಚಾಕೆ ನಾನ್ಯಾರು. ಇರ್ಲಿ ಬುಡಿ."

ಅಷ್ಟರಲ್ಲಿ ರಸ್ತೆ ಕಡೆಯ ಟಿವಿ ಕಪ್ಪಾಗಿತ್ತು.
ಅದರೊಳಗೆ ನಾನಿಟ್ಟಿದ್ದು ಪಟವಲ್ಲ, ಚೀಟಿ:
ತನುಜಳ ಫೋಲ್ಡರಿಗೆ ಹೋಗಿ ಉಂಗುರ ಅಂತ ಕೇಳು.
ಚೀಟಿ ಹೋಯಿತು, ಕೇಳಿತು. ಅಂಥದ್ದಿಲ್ಲ.
ಪಟ ಪಕ್ಕದ ಮನೆಯಲ್ಲೇ ಉಸಿರಾಡುತ್ತಿತ್ತು,
ಚೀಟಿಗೆ ಪಟದ ಗುರುತಿಲ್ಲ, ದಾರಿಯದು ಮಾತ್ರ.
ಹಗ್ಗ ಹಟ್ಟಿ ದಾಟುವುದಿಲ್ಲ; ಚೀಟಿ ಹಾಗಲ್ಲ,
ಮೈಸೂರಿನ ಡಿಸ್ಕಿಗೂ ಬರೆದುಕೊಡಬಹುದು,
ಅಲ್ಲಿ ಯಾರೂ ಇಲ್ಲದಿದ್ದರೂ.

ನಮ್ಮ ಸ್ಟಾಪೂ ಹಾಗೇ. ಹುಣಸೇಮರ.
ರಸ್ತೆ ಅಗಲವಾದಾಗ ಮರ ಹೋಯಿತು.
ಕಂಡಕ್ಟರು ಇನ್ನೂ ಹುಣಸೇಮರ ಇಳೀರಿ ಅಂತಾನೆ,
ಜನ ಇಳಿಯುತ್ತಾರೆ,
ಇಲ್ಲದ ನೆರಳಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ.
ನಾಳೆ ಯಾರೋ ಅಲ್ಲೊಂದು ಹುಣಸೆ ಸಸಿ ನೆಟ್ಟರೆ
ಹೆಸರು ನಾಚಿಕೆಯಿಲ್ಲದೆ ಅದನ್ನೇ ತೋರಿಸುತ್ತದೆ.

ಯುಗಾದಿ ಕಳೆದ ಮೇಲೆ ಯೋಗಾನಂದನ ಭಾವ ಬಂದ.
ಕೊತ್ತತ್ತಿಯಲ್ಲಿ ಬೇರೆ ಹೆಣ್ಣು ಗೊತ್ತಾಗಿದೆ,
ಹಳೇದು ತೆಗೀರಿ, ಜಾಗ ಆಗ್ತದೆ.
ತೆಗೆಯುವ ಮುಂಚೆ ಒಮ್ಮೆ ದೊಡ್ಡದು ಮಾಡಿ ನೋಡಿದೆ,
ತೆರೆದಿಟ್ಟೇ ಕೊನೆಯ ಹಗ್ಗ ಬಿಚ್ಚಿದೆ.
ಲೆಕ್ಕ ಸೊನ್ನೆ. ಭಾವ ಹೋದ.
ಪಟ ಹೋಗಲಿಲ್ಲ.

ಯಾರಾದರೂ ಒಬ್ಬರು ತೆರೆದಿಟ್ಟುಕೊಂಡಿರುವ ತನಕ
ಹೆಸರಿಲ್ಲದ್ದನ್ನೂ ಡಿಸ್ಕು ಒರೆಸುವುದಿಲ್ಲ.
ಅವಳ ಎಡಗೈ, ಅವನ ಅರ್ಧ ಮುಚ್ಚಿದ ಕಣ್ಣು,
ಹಿಂದೆ ತಟ್ಟೆಯಿಂದ ಬಾಳೆಹಣ್ಣು ಕದಿಯುತ್ತಿರುವ
ಯಾರ ಕಡೆಯದೋ ಒಂದು ಮಗು.

ಆರಕ್ಕೆ ಕರೆಂಟು ತೆಗೆಯುತ್ತಾರೆ.
ಈಗ ಐದೂ ಐವತ್ತು.
ಹೊರಗೆ ಬಸ್ಸು ನಿಂತಿತು,
ಹುಣಸೇಮರ, ಹುಣಸೇಮರ.