ಒಂದು ಗುಡಿಸಿನ ಅಂತರ

ದುರ್ಗಿಗುಡಿಯ ಈ ಓಣಿಯಲ್ಲಿ
ನನ್ನದು ಜೆರಾಕ್ಸ್ ಅಂಗಡಿ, ಪಕ್ಕದ್ದು ಕಾಫಿಯದು.
ನಡುವೆ ಒಂದಿಟ್ಟಿಗೆಯ ಗೋಡೆ.
ಆಚೆ ಅವನ ಯಂತ್ರ ಉಸಿರು ಬಿಟ್ಟರೆ
ಈಚೆ ನನ್ನ ಟ್ರೇಯ ಹಾಳೆಗಳು ಬೆಚ್ಚುತ್ತವೆ.

ಅವನು ಹಾಲೇಶ, ಹೊನ್ನಾಳಿ ಕಡೆಯವನು.
ಹೆಸರಲ್ಲೇ ಹಾಲಿಟ್ಟುಕೊಂಡು
ಹಾಲಿಲ್ಲದ ಕಾಫಿಯ ಬೆನ್ನು ಹತ್ತಿದ್ದಾನೆ.
'ಅಕ್ಕಾ, ಒಂದೇ ಗುಟುಕು' ಅಂತ ಲೋಟ ಚಾಚಿ
ಬಾಯನ್ನಲ್ಲ, ನನ್ನ ಹುಬ್ಬನ್ನು ನೋಡುತ್ತಾನೆ.

ಮೊದಲನೆಯದರಲ್ಲಿ ಲಾವಂಚದ ಬೇರು.
ನೆನೆದ ಚಾಪೆ, ಅಂದೆ.
ಬರೆದುಕೊಂಡ.
ನಾಲ್ಕನೆಯದು ಜೀರಿಗೆ ಮೆಣಸಿನದು;
ಅವತ್ತು ಮೂರು ಮಂದಿಯ ಆಧಾರ್ ಕಾರ್ಡು
ಕೆಮ್ಮುತ್ತಲೇ ತೆಗೆದುಕೊಟ್ಟೆ.
ಏಳರಲ್ಲಿ ಏಲಕ್ಕಿ, ಜೋನಿಬೆಲ್ಲ. ಚೆಂದವೇ.
ಆದರೆ ಇದು ಪಾಯಸದ ತಮ್ಮ ಕಣೋ, ಕಾಫಿ ಎಲ್ಲಿ?
ಅದನ್ನೂ ಬರೆದುಕೊಂಡ,
'ಕಾಫಿ ಎಲ್ಲಿ' ಅನ್ನುವುದರ ಕೆಳಗೆ ಎರಡು ಗೆರೆ.

ಆ ಪುಸ್ತಕ ನಾನು ನೋಡಿದ್ದೇನೆ,
ಒದ್ದೆಯಾದೀತೆಂದು ಪ್ರತಿ ತೆಗೆಸಲು ತಂದಿದ್ದ.
ಕೊಪ್ಪದ ಬೀಜ, ತರಿತರಿ ಪುಡಿ, ಹದಿನಾಲ್ಕು ಗಂಟೆ ನೆನೆ.
ಮುರುಗಲು ಸಿಪ್ಪೆ ಐದು,
ಹೊಡೆದುಹಾಕಿ ನಾಲ್ಕು,
ಹೊಡೆದುಹಾಕಿ ಮೂರೂವರೆ.
ಅಂಚಿನಲ್ಲಿ ಸಣ್ಣಕೆ: ಸೋಮವಾರದ ನೀರು ಬೇರೆ.

ಗಂಗಾ ಸ್ನಾನ, ತುಂಗಾ ಪಾನ ಅಂತ
ಊರಿಗೆ ಊರೇ ಹೇಳುತ್ತದೆ.
ಯಾವ ವಾರ್ಡಿನ ಪಾನ ಎಂದು ಕೇಳಿದವನು
ಇವನೊಬ್ಬನೇ ಇರಬೇಕು.
ನಲ್ಲಿ ಬಿಡುವ ಹೊತ್ತಿಗೆ ಸಣ್ಣ ಗ್ಲಾಸು ಹಿಡಿದು
ಕೊಡಗಳ ಸಾಲಿನಲ್ಲಿ ನಿಂತಿರುತ್ತಾನೆ,
ಹೆಂಗಸರು ನಗುತ್ತಾರೆ, ದಾರಿ ಬಿಡುತ್ತಾರೆ.

ಹದಿಮೂರನೆಯದನ್ನು ಕುಡಿದು ನಾನೇನೂ ಹೇಳಲಿಲ್ಲ.
ಮೇಲೆ ತಣ್ಣನೆಯ ಕಪ್ಪು,
ತಳದಲ್ಲಿ ಬೆಲ್ಲ ಕುಡಿದು ಭಾರವಾದ ಮುರುಗಲಿನ ಕೆಂಪು,
ಅಪ್ಪೆಮಿಡಿ ಭರಣಿಯ ಉಪ್ಪುನೀರು ಎರಡೇ ಹನಿ.
ಕಹಿ ಬಂತು, ಕಹಿಯ ಬೆನ್ನಿಗೇ ಹುಳಿ,
ಆಮೇಲೆ...
ಆಮೇಲೆ ಯಾರೋ ಬಂದರು,
ಎಂಟು ಪ್ರತಿ, ಬ್ಯಾಕ್ ಟು ಬ್ಯಾಕ್.
ಹೇಳಬೇಕಾದ್ದು ಗಂಟಲಲ್ಲೇ ಉಳಿಯಿತು.
ಅವನಿಗೆ ಅಷ್ಟು ಸಾಕಾಯಿತು.

'ಸಿಗ್ನೇಚರ್‌ಗೆ ಕನ್ನಡದಲ್ಲಿ ಏನಕ್ಕಾ?'
'ಸಹಿ.'
'ಸಹಿ ಕಾಫಿ ಅಂತ ಹಾಕಿ. ನೂರೆಂಬತ್ತು ರೂಪಾಯಿ.'
ಟೈಪು ಮಾಡಿದವಳು ನಾನೇ.
ಐವತ್ತು ಮೆನು, ಲ್ಯಾಮಿನೇಷನ್ ಸಮೇತ
ಮೇಜಿನ ಮೇಲೆ ಕೂತಾದ ಮೇಲೆ ಕಂಡಿತು,
ಬೆರಳು ಜಾರಿ ಸಕಾರದ ನೆತ್ತಿಗೆ ಬಿದ್ದ ಗುಡಿಸು:
ಸಿಹಿ ಕಾಫಿ.

ಅವತ್ತೇ ಬಂದರು ರುದ್ರೋಜಿರಾಯರು, ಖಲಂದರ್ ಸಾಹೇಬರು,
ಒಬ್ಬರು ರಿಟೈರ್ಡ್ ಡ್ರೈವರು, ಒಬ್ಬರು ಕಂಡಕ್ಟರು,
ಪಿಂಚಣಿ ಕಾಗದ ನನ್ನಲ್ಲಿ ಜೆರಾಕ್ಸ್ ಮಾಡಿಸಿ
ಬಾಯಾರಿಕೆಗೆ ಪಕ್ಕಕ್ಕೆ ಹೋದವರು.
'ಒಂದು ಸಿಹಿ ಕಾಫಿ, ಬೈಟು.'
'ಬೈಟು ಬರಲ್ಲ ಸರ್, ಅದು ಸಹಿ ಕಾಫಿ.'
'ಸಹಿ ಆದ್ಮೇಲೆ ಎರಡು ಕಾಪಿ ಕೊಡೋದೇ ಪದ್ಧತಿ ಕಣಪ್ಪ.'

ನಗು ತಡೆಯಲಾರದೆ ಸುರಿದ, ಕಲಕದೆ,
ಅರ್ಧ ಇದಕ್ಕೆ, ಉಳಿದರ್ಧ ಅದಕ್ಕೆ.
ಮೇಲಿನ ಕಪ್ಪು ರಾಯರಿಗೆ ಹೋಯಿತು,
ತಳದ ಕೆಂಪು ಸಾಹೇಬರಿಗೆ.
'ಕಹಿ ಕಣ್ರೀ ಇದು.' 'ಏನು ಕಹಿ! ಹುಳಿಸಿಹಿ.'
'ನಾಲಿಗೆ ಕೆಟ್ಟಿದೆ ನಿಮಗೆ.' 'ನಿಮ್ದೇ ನೋಡ್ಕೊಳ್ಳಿ.'
ಮಾತು ಬೆಳೆಯಿತು, ಬೆಳೆದು ನಿಂತಿತು.
ನಿಂತ ಜಾಗದಲ್ಲಿ ಲೋಟ ಬದಲಾದವು,
ಘಾಟಿ ಶುರುವಾಗುವ ಮುಂಚೆ
ಕಿಟಕಿ ಸೀಟು ಬಿಟ್ಟುಕೊಟ್ಟಂತೆ.
ಇಬ್ಬರೂ ಒಂದು ಗಳಿಗೆ ಸುಮ್ಮನಾದರು.

ಹಾಲೇಶ ಪೆನ್ನಿನ ಮುಚ್ಚಳ ತೆಗೆದವನು
ಬರೆಯಲು ಮರೆತಿದ್ದ.

ರಾತ್ರಿ ಪುಸ್ತಕದಲ್ಲಿ ಹದಿನಾಲ್ಕು:
ಕಲಕಬೇಡ. ಎರಡು ಲೋಟ. ಎದುರುಬದುರು ಕುರ್ಚಿ.

'ಮೆನು ಮತ್ತೆ ಹಾಕ್ಕೊಡ್ತೀನಿ, ದುಡ್ಡು ಬೇಡ,
ಗುಡಿಸು ತೆಗೀಲಾ?' ಅಂದೆ.
ಯಂತ್ರದ ಮೂಗು ಒರೆಸುತ್ತಾ ಯೋಚಿಸಿದ.
'ಇರ್ಲಿ ಬಿಡಿ ಅಕ್ಕಾ, ತಳದ ಅರ್ಧ ಅದೇ ತಾನೆ.'

ಈಗ ಗೋಡೆಯಾಚೆ ಏನೋ ಅರೆಯುತ್ತಿದ್ದಾನೆ.
ಮೂಗರಳಿಸಿ ಕೂತಿದ್ದೇನೆ:
ಹೇರಳೆ ಸಿಪ್ಪೆಯೋ,
ನನ್ನದೇ ಟೋನರೋ.