ಗಜಕರ್ಣ ಅಲ್ಲ

ಪಕ್ಕದ ಕ್ವಾರ್ಟರ್ಸಿನವರು ಗಜಕರ್ಣ ಅಂದರು,
ಬೇವು ಅರೆದು ಹಚ್ಚಿ, ಮೀನು ಬಿಡಿಸಿ, ಅಂದರು.
ಗೋಣಿಕೊಪ್ಪದ ಡಾಕ್ಟರು ಮಗಳ ಮೊಣಕೈ ಮಡಿಕೆಯನ್ನು
ಬೆಳಕಿಗೆ ತಿರುಗಿಸಿ ನೋಡಿ
ಅಲ್ಲ, ಇದು ಇಸಬು, ಎಂದರು.
ಆನೆಯ ಕಿವಿ ನಾನು ದಿನಾ ನೋಡುತ್ತೇನೆ,
ಟಾರ್ಚಿನ ಬೆಳಕಲ್ಲಿ, ಅಂಚು ಹರಿದದ್ದು, ಕೆಸರು ಮೆತ್ತಿದ್ದು.
ಆರು ವರ್ಷದ ಬೊಳ್ಳಮ್ಮನ ಮಂಡಿಯ ಹಿಂದೆ
ಅದೇ ದಪ್ಪ, ಅದೇ ಬಿರುಕು.
ಆ ಹೆಸರಿಟ್ಟವನು ಸುಮ್ಮನೆ ಇಟ್ಟಿರಲಾರ.

ಹತ್ತಿಕಡ್ಡಿ ಸವರಿ ಲ್ಯಾಬಿಗೆ ಕಳಿಸಿದ್ದರು.
ಮೂರನೇ ದಿನ ಅಲ್ಲಿಯ ಹುಡುಗಿ ಕರೆದು ತೋರಿಸಿದಳು:
ಕೆಂಪು ತಟ್ಟೆಯ ಮೇಲೆ ಹಳದಿ ಚುಕ್ಕೆ, ಒತ್ತೊತ್ತಾಗಿ,
ಚಿನ್ನದ ನೀರು ಕೊಟ್ಟ ಹಾಗೆ.
ಮಸೂರದಡಿ ಗೊಂಚಲು ಗೊಂಚಲು,
ಗೆಣ್ಣಿಗೆ ಕಚ್ಚಿಕೊಂಡ ಕಾಫಿ ಹಣ್ಣಿನಂತೆ.
ಬಿಳಿಯವೂ ಇರಬೇಕಿತ್ತು, ಅಂದಳು,
ಎಲ್ಲರ ಮೈಮೇಲೂ ಇರುತ್ತವೆ,
ಹಳದಿಗೆ ವಿಷ ಅರೆದಿಡುವವು ಅವೇ.
ಎಣಿಸಿದೆ. ನಾಲ್ಕು.
ಮಗಳ ಹೆಸರಲ್ಲೇ ಬೆಳ್ಳಿ ಇದೆ.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು.
ಒಂದು ಗೋಡೆ. ಇಟ್ಟಿಗೆಗಳ ನಡುವೆ ಗಾರೆ ಇಲ್ಲದ ಜಾಗ.
ಒಳಗೆ ಕಾವಲಿನವರು.
ಅರ್ಥ ಆಯಿತಾ?
ಆಯಿತು ಅಂದೆ. ನನ್ನ ಕೆಲಸವೇ ಅದು.
ಮಾಲ್ದಾರೆ ಕಡೆ ಸೋಲಾರ್ ಬೇಲಿ, ಕಂದಕ, ರೈಲು ಕಂಬಿ;
ಎಲ್ಲೋ ಒಂದು ಕಡೆ ಮರ ಬಿದ್ದು ತಂತಿ ಸತ್ತಿರುತ್ತದೆ.
ಬರುವ ಆನೆ ಒಂದೇ.
ಅದು ತುಳಿದದ್ದಕ್ಕಿಂತ
ಕತ್ತಲಲ್ಲಿ ಓಡಿ ನಾವು ಮುರಿದ ಗಿಡವೇ ಹೆಚ್ಚು.
ಬೆಳಿಗ್ಗೆ ತೋಟದವರು ಎಣಿಸಿ ಹೇಳುತ್ತಾರೆ.

ಹಳದಿ ಉಗುಳಿದ ಒಂದು ಹನಿಗೆ
ಒಳಗಿನ ಕಾವಲು ಇಡೀ ಪಟಾಕಿ ಪೆಟ್ಟಿಗೆಗೇ ಬೆಂಕಿ ಇಡುತ್ತದಂತೆ.
ಉರಿ. ಊತ. ತುರಿಕೆ.
ತುರಿಸಿದರೆ ಬೇಲಿ ಇನ್ನಷ್ಟು ಹರಿಯುತ್ತದೆ,
ಹರಿದಲ್ಲಿ ಹಳದಿಗೆ ಮತ್ತೆ ದಾರಿ.
ಕೆಲವು ಸಲ ಕಾವಲನ್ನೂ ಕೇಳದೆ
ಅದು ನೇರ ನರವನ್ನೇ ಚಿವುಟುತ್ತದಂತೆ.

ನಮ್ಮ ತಂಡದಲ್ಲಿ ಚೌಡ ಇದ್ದಾನೆ, ಹಾಡಿಯವನು.
ಮೇ ತಿಂಗಳು. ಧಪ್ ಅಂತ ಸದ್ದು.
ನಾನು ಬತ್ತಿಗೆ ಬೆಂಕಿ ತಾಗಿಸುವುದರಲ್ಲಿದ್ದೆ,
ಅವನು ಮಣಿಕಟ್ಟು ಹಿಡಿದ. ಹಲಸು, ಅಂದ.
ಇನ್ನೊಂದು ಸದ್ದು. ಕಡವೆ, ಅಂದ.
ಮೂರನೆಯದಕ್ಕೆ ಏನೂ ಅನ್ನಲಿಲ್ಲ, ಕೈ ಬಿಟ್ಟ.
ಹೇಗೆ ಗೊತ್ತಾಗುತ್ತೆ ಮಾರಾಯ?
ಹಾಲು ಬಿಡುವ ಮೊದಲೇ ಕೇಳಿಸಿಕೊಂಡದ್ದು, ಅಂದ,
ಜೇಬಲ್ಲಿ ಬೀಡಿ ಹುಡುಕುತ್ತಾ.

ಡಾಕ್ಟರು ಅಂದದ್ದೂ ಅದೇ, ಬೇರೆ ಮಾತಲ್ಲಿ:
ಹುಟ್ಟಿದ ಮೊದಲ ವಾರಗಳಲ್ಲಿ
ಬಿಳಿಯವು ಬಂದು ಮೈಮೇಲೆ ಕೂರುತ್ತವೆ,
ಕಾವಲು ಆಗ ಅವುಗಳ ಮುಖ ಕಲಿಯುತ್ತದೆ.
ಇವರು ನಮ್ಮವರು. ಇವರಿಗೆ ಪಟಾಕಿ ಬೇಡ.
ಬೊಳ್ಳಮ್ಮನ ಮೊದಲ ವಾರಗಳು ಮಡಿಕೇರಿಯ ಗಾಜಿನ ಪೆಟ್ಟಿಗೆಯಲ್ಲಿ.
ಮನೆಗೆ ಬಂದ ಮೇಲೆ ಮೂರು ತಿಂಗಳು
ಬಟ್ಟೆ, ತೊಟ್ಟಿಲು, ನೆಲ, ನೀರು, ಎಲ್ಲದಕ್ಕೂ ಡೆಟಾಲ್,
ಬಾಟಲಿ ತಂದುಕೊಟ್ಟವನು ನಾನೇ.
ಅದಕ್ಕೇನಾ ಇದು, ಕೇಳಿದೆ.
ಅವರು ಪೆನ್ನಿಗೆ ಮುಚ್ಚಳ ಹಾಕಿದರು.
ಗೋಡೆ ನಿಮ್ಮ ವಂಶದಿಂದಲೂ ಬಂದಿರಬಹುದು. ಹೇಳಲಾಗದು.
ಮುಲಾಮು ಬರೆದರು. ಉಗುರು ಚಿಕ್ಕದಾಗಿರಲಿ, ಅಂದರು.

ನಸುಕು ನಾಲ್ಕಕ್ಕೆ ಬಾಗಿಲು ತೆಗೆಯುತ್ತೇನೆ,
ಬೆರಳಲ್ಲಿ ಮದ್ದಿನ ವಾಸನೆ. ತೊಳೆಯುತ್ತೇನೆ,
ಎಷ್ಟು ತೊಳೆಯಬೇಕೋ ಈಗ ತಿಳಿಯುವುದಿಲ್ಲ.
ಕತ್ತಲಲ್ಲಿ ಸರ್, ಸರ್, ಸರ್.
ಕಡವೆಯಲ್ಲ.
ಮೊದಲೆಲ್ಲ ಗದರುತ್ತಿದ್ದೆ: ತುರಿಸಬೇಡ!
ಅವಳು ಬೆಚ್ಚಿ, ಕೂತು, ಇನ್ನೂ ಜೋರಾಗಿ.
ಈಗ ದೀಪ ಹಾಕುವುದಿಲ್ಲ. ಅಂಗೈಯನ್ನು ಮಂಡಿಯ ಹಿಂದಿಟ್ಟು
ಮುಲಾಮಿನ ತಂಪು ಇಳಿಯುವ ತನಕ ಕೂರುತ್ತೇನೆ,
ನಾಲ್ಕು ಬಿಳಿ ಚುಕ್ಕೆ ಐದಾದವೇನೋ ಎಂದು,
ಆಗಲಿಲ್ಲವೇನೋ ಎಂದು.
ನಿದ್ದೆಗಣ್ಣಲ್ಲೇ ಕೇಳುತ್ತಾಳೆ,
ಅಪ್ಪಾ, ಆನೆ ಬಂತಾ?
ಇಲ್ಲ ಮಗಳೇ, ಹಲಸು,
ಅನ್ನುತ್ತೇನೆ.