ಬೂತಾಯಿ ತಿನ್ನುವ ಕ್ರಮ

ಬೂತಾಯಿ ತಿನ್ನುವಾಗ ಮಾತಾಡಬಾರದು
ಎನ್ನುತ್ತಿದ್ದರು ವಾರಿಜ ದೊಡ್ಡಮ್ಮ.
ಶಾಸ್ತ್ರವೇನಲ್ಲ, ಮುಳ್ಳು.

ಬೋಳೂರಿನ ಆ ಅಡುಗೆಮನೆಯ ನೆಲದಲ್ಲಿ
ನಾವು ಏಳು ಮಕ್ಕಳು, ಸಾಲಾಗಿ.
ಒಬ್ಬೊಬ್ಬರ ಬಟ್ಟಲಿಗೆ ಎರಡೆರಡು ಮೀನು,
ಕೆಂಪು ಗಸಿ, ಕುಚ್ಚಲಕ್ಕಿ ಅನ್ನ.
ಶಾಲೆ, ಜಗಳ, ಲಗೋರಿ ಎಲ್ಲ ಹೊರಗೆ, ಚಪ್ಪಲಿಯ ಜತೆ.
ಒಳಗೆ ಏಳು ನಾಲಿಗೆಗಳು
ಕತ್ತಲಲ್ಲಿ ಗೋಡೆ ತಡವುವ ಕೈಗಳ ಹಾಗೆ
ಮೆಲ್ಲ ಮೆಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ,
ಐವತ್ತೆರಡನೆಯ ಪ್ರಾಯದಲ್ಲಿ.
ನಮ್ಮ ಸೊಸೈಟಿಯ ಕ್ಯಾಶ್ ಕೌಂಟರಿನಲ್ಲಿ ನಾನು
ಎರಡು ಸಲ ಐನೂರರ ನೋಟು ಹೆಚ್ಚು ಕೊಟ್ಟಿದ್ದೆ.
ಸಿಬ್ಬಂದಿಗೆಲ್ಲ ಒಂದು ಶಿಬಿರ ಆಗಲಿ ಎಂದರು ಮ್ಯಾನೇಜರು.
ಯಾರಿಗಾಗಿ ಶಿಬಿರ ಅಂತ ಎಲ್ಲರಿಗೂ ಗೊತ್ತಿತ್ತು.
ಬಂದವರು ಸಣ್ಣ ಪ್ರಾಯದವರು, ಸ್ವರ ಮೆತ್ತಗೆ.
ಉಸಿರನ್ನು ನೋಡಿ, ಎಂದರು.
ನೋಡಿದೆ.
ಮೂಗಿನ ತುದಿ ಮುಟ್ಟುವ ಮೊದಲೇ
ಮಗಳ ಫೀಸು ಬಂತು,
ಫ್ಯಾನಿನ ಕಟಕಟ ಬಂತು,
ಹದಿನೇಳು ವರ್ಷದ ಹಿಂದೆ ಭಾವ ಆಡಿದ ಒಂದು ಮಾತು,
ಅದಕ್ಕೆ ನಾನು ಕೊಡದೆ ಬಿಟ್ಟ ಉತ್ತರ,
ಆ ಉತ್ತರದ ತಿದ್ದಿದ ಪ್ರತಿ.
ಮನಸ್ಸು ಹೋದರೆ ಬೈಯಬೇಡಿ, ಕರೆತನ್ನಿ, ಎಂದರು.
ಎಲ್ಲಿಂದ ಅಂತ ಕರೆತರುವುದು?
ಅದು ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತಿ
ಆಗಲೇ ಸುರತ್ಕಲ್ ದಾಟಿತ್ತು.

ಆ ರಾತ್ರಿ ಬೂತಾಯಿ ಪುಳಿಮುಂಚಿ.
ಎಡಗೈಯಲ್ಲಿ ಫೋನು. ಯಾರದೋ ಮನೆಒಕ್ಕಲು,
ಅವರ ಟೈಲ್ಸು, ಅವರ ಸೋಫಾ.
ಹೆಬ್ಬೆರಳು ತಳ್ಳುತ್ತಾ ಇತ್ತು, ಬಾಯಿ ಅಗಿಯುತ್ತಾ ಇತ್ತು,
ಬಸ್ಸಿನ ಒಂದೇ ಸೀಟಿನಲ್ಲಿ ಕೂತ
ಪರಿಚಯವಿಲ್ಲದವರ ಹಾಗೆ.
ಆಗ ಚುಚ್ಚಿತು.
ಗಂಟಲಿನಲ್ಲಿ, ಎಡಗಡೆ, ಕೂದಲಿನಷ್ಟು ಸಪೂರ.

ಎಷ್ಟು ವರ್ಷದ ನಂತರ
ನಾನು ಪೂರ್ತಿಯಾಗಿ ಒಂದೇ ಕಡೆ ಇದ್ದೆ!
ಭಾವ ಇಲ್ಲ, ಫೀಸು ಇಲ್ಲ,
ಇಡೀ ಮಂಗಳೂರೇ ಆ ಮುಳ್ಳಿನ ಸುತ್ತ
ಉಸಿರು ಹಿಡಿದು ನಿಂತಿತ್ತು.
ಹೆಂಡತಿ ಸುಗಂಧಿ ಅನ್ನದ ಉಂಡೆ ಕಟ್ಟಿ ಕೊಟ್ಟಳು,
ಅಗಿಯದೆ ನುಂಗಿ ಎಂದಳು.
ನುಂಗಿದೆ. ಇನ್ನೊಂದು. ಮೂರನೆಯದಕ್ಕೆ ಇಳಿಯಿತು.
ಫೋನಿಗೂ ಒಂದು ತುತ್ತು ಹಾಕಿ, ಪಾಪ,
ಎಂದು ಬಟ್ಟಲು ತೆಗೆದಳು.

ಮರುದಿನದಿಂದ ಹೀಗೆ:
ಮೊದಲು ಮೀನನ್ನು ನೋಡುವುದು.
ಬೆನ್ನಿನ ಕಡೆಯಿಂದ ಬೆರಳು ಹಾಕಿ
ನಡುಮುಳ್ಳನ್ನು ಬಾಲದವರೆಗೆ ಎತ್ತುವುದು.
ಬಾಚಣಿಗೆಯ ಹಾಗೆ ಬರುತ್ತದೆ, ಅವಸರ ಮಾಡದಿದ್ದರೆ.
ಉಳಿದ ಸಣ್ಣವು ಕಣ್ಣಿಗೆ ಕಾಣುವುದಿಲ್ಲ,
ಅವು ನಾಲಿಗೆಯ ಪಾಲು.
ನಡುವೆ ಭಾವ ಬರುತ್ತಾರೆ. ಬರಲಿ.
ಕೂತುಕೊಳ್ಳಿ ಭಾವಾ, ಊಟ ಮಾಡುತ್ತಿದ್ದೇನೆ,
ಎಂದು ಮತ್ತೆ ಮುಳ್ಳಿಗೆ ಬರುವುದು.
ಒಂದೇ ತುತ್ತಿನಲ್ಲಿ ನಾಲ್ಕು ಸಲ ಹೋಗಿ ಬಂದದ್ದೂ ಉಂಟು.
ಬಂದೆನಲ್ಲ.

ಕೌಂಟರಿನಲ್ಲಿಯೂ ಹಾಗೇ.
ನೋಟಿಗೆ ಮುಳ್ಳಿದೆ ಅಂತ ತಿಳಿದು ಎಣಿಸುತ್ತೇನೆ.
ಬೆರಳಿಗೆ ಹತ್ತುತ್ತದೆ ಗ್ಯಾರೇಜಿನವನ ಎಣ್ಣೆ,
ಬಂದರಿನ ಹೆಂಗಸರು ಸೊಂಟದಿಂದ ತೆಗೆದ ಉಪ್ಪು.
ಇಷ್ಟು ವರ್ಷ ಮುಟ್ಟಿಯೂ ಮುಟ್ಟಿರಲಿಲ್ಲ.
ಹಂಪನಕಟ್ಟೆಯ ಸಿಗ್ನಲಿನಲ್ಲಿ ಕೆಂಪು ಬಿದ್ದರೆ
ಸ್ಕೂಟರು ನಿಲ್ಲಿಸಿ ಕೆಂಪನ್ನೇ ನೋಡುತ್ತೇನೆ.
ಹಿಂದಿನವನು ಹಾರ್ನ್ ಹಾಕುವಾಗ
ಹಸಿರು ಬಂದು ಎಷ್ಟೋ ಹೊತ್ತಾಗಿರುತ್ತದೆ.
ಇನ್ನೂ ಕಲಿಯುತ್ತಿದ್ದೇನೆ.

ಈಗ ಜೂನ್. ಟ್ರಾಲ್‌ಬೋಟುಗಳು ಧಕ್ಕೆಯಲ್ಲಿ
ಒಂದಕ್ಕೊಂದು ಒರಗಿ ಮಲಗಿವೆ.
ಮೀನಿಲ್ಲ. ಇದ್ದರೂ ಆ ಕ್ರಯಕ್ಕೆ ನಮಗಲ್ಲ.
ಸುಗಂಧಿ ಗಂಜಿ ಬಡಿಸಿ
ಒಂದು ಮಿಡಿ ಉಪ್ಪಿನಕಾಯಿ ಇಟ್ಟಿದ್ದಾಳೆ.
ಆವಿ ಕನ್ನಡಕಕ್ಕೆ ಹತ್ತುತ್ತದೆ.

ಮುಳ್ಳಿಲ್ಲದ ಗಂಜಿ.
ಎಲ್ಲಿ ಬೇಕಾದರೂ ಇದ್ದು ಉಣ್ಣಬಹುದು,
ಏನೂ ಚುಚ್ಚುವುದಿಲ್ಲ, ಏನೂ ಸಿಕ್ಕಿಕೊಳ್ಳುವುದಿಲ್ಲ.
ದೊಡ್ಡಮ್ಮ ಇದರ ಬಗ್ಗೆ ಏನೂ ಹೇಳಿರಲಿಲ್ಲ.

ಚಮಚ ಎತ್ತುತ್ತೇನೆ.
ಇದು ಕಷ್ಟ.